ಎದುರಿಗೆ ಕೂತವಳು

ಸೋಮವಾರ ನವೀನ್ ಫೋನ್ ಮಾಡಿದ. ನಮ್ಮ ಬೇಸ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಅವನು. ಬೆಂಗಳೂರಿನವ, ಇಲ್ಲಿ ಸಿಂಗಾಪುರದ ತಂಜಾಂಗ್ ಪಗಾರ್‌ನಲ್ಲಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಕೆಲಸ. ಅವನ ಮಗಳು ಕ್ಲಬ್ಬಿನಲ್ಲಿ ಆಡುತ್ತಾಳೆ.

"ಅಂಕಲ್, ಸಂಡೇ ಹೊಸ ಗ್ರೌಂಡ್ ಓಪನಿಂಗ್ ಇದೆ. ಫಸ್ಟ್ ಬಾಲ್ ನೀವೇ ಥ್ರೋ ಮಾಡ್ಬೇಕು ಅಂತ ಕಮಿಟಿ ಡಿಸೈಡ್ ಮಾಡಿದೆ. ಇಲ್ಲ ಅನ್ಬಾರ್ದು."

"ಹಿಡಿಯುವುದು ಯಾರು?"

"ಸ್ಪಾನ್ಸರ್ ಕಂಪನಿ ಡೈರೆಕ್ಟರ್. ಜಸ್ಟ್ ಫೋಟೋಗೆ ಅಂಕಲ್. ಒಂದೇ ಒಂದು ಬಾಲ್."

"ಹಾಗಾದ್ರೆ ಒಂದು ಮಾತುಂಟು. ಎಸೆಯುವ ಮೊದಲು ಮೈಕಲ್ಲಿ ಉಷಾಳ ಹೆಸರು ಹೇಳ್ಬೇಕು. ನನ್ನ ಹೆಂಡತಿ ಅಂತ ಅಲ್ಲ, ನನ್ನ ಕ್ಯಾಚರ್ ಅಂತ."

"ಶೂರ್ ಅಂಕಲ್. ಆಂಟಿ ಹೆಸರು ಸ್ಕ್ರಿಪ್ಟಲ್ಲಿ ಆಡ್ ಮಾಡಿಸ್ತೀನಿ, ಡನ್. ಮತ್ತೆ ಸುವನೀರ್‌ಗೆ ಒಂದು ಆರ್ಟಿಕಲ್ ಬೇಕಿತ್ತು. ಹೊಸದಾಗಿ ಆಡೋಕೆ ಬರೋ ಮಕ್ಕಳಿಗೆ ನಿಮ್ಮ ಜರ್ನಿ ಹೇಳ್ಬೇಕು. ಕನ್ನಡದಲ್ಲೇ ಬರೀರಿ, ನಾನು ಟ್ರಾನ್ಸ್‌ಲೇಟ್ ಮಾಡಿಸ್ತೀನಿ. ಸ್ವಲ್ಪ ಪಾಸಿಟಿವ್ ಆಗಿರ್ಲಿ, ಆಯ್ತಾ?"

ಪಾಸಿಟಿವ್ ಆಗಿ ಬರೆಯಲೆಂದೇ ಕೂತೆ. ಬಂದದ್ದು ಇದು.

ಉಷಾ ತೀರಿಹೋಗಿ ವರ್ಷ ತುಂಬುತ್ತ ಬಂತು. ಮೈಸೂರಿನವಳು. ಚಾಂಗಿ ವಿಮಾನ ನಿಲ್ದಾಣದ ಹತ್ತಿರದ ಕಾರ್ಗೋ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಜಪಾನಿನಲ್ಲಿ ಚೆಂಡು ಎಸೆದು ಬದುಕಿದವನು. ಅಲ್ಲಿ ಚಳಿಗಾಲದಲ್ಲಿ ಆಟ ಇಲ್ಲ. ಆ ತಿಂಗಳುಗಳಲ್ಲಿ ಸಿಂಗಾಪುರಕ್ಕೆ, ನಮ್ಮ ಟ್ಯಾಂಪಿನೀಸಿನ ಮನೆಗೆ ಬರುತ್ತಿದ್ದೆ. ಬಂದಾಗಲೆಲ್ಲ ನನ್ನ ಚೆಂಡು ಹಿಡಿದು ನನ್ನ ಕೈಯನ್ನು ಮುಂದಿನ ವರ್ಷಕ್ಕೆ ಸಿದ್ಧ ಮಾಡಿ ಕಳಿಸುತ್ತಿದ್ದವಳು ಅವಳು. ಇದು ಯಾವ ತಂಡದವರಿಗೂ ಗೊತ್ತಿಲ್ಲ. ಗೊತ್ತಾದವರೂ ನಕ್ಕು ಬಿಟ್ಟರು.

ಈ ಕೆಲಸಕ್ಕೆ ಬರುವ ಮಕ್ಕಳು ಮೊದಲು ತಿಳಿಯಬೇಕಾದ ವಿಷಯ ಒಂದಿದೆ. ನಿಮ್ಮನ್ನು ಕರೆಯುವವರು ನಿಮ್ಮ ಕೈ ಚೆನ್ನಾಗಿದೆ ಎಂದು ಮಾತ್ರ ಕರೆಯುವುದಿಲ್ಲ. ಅವರಿಗೆ ಯಾವುದೋ ಒಂದು ಜಾಗ ತುಂಬಬೇಕಾಗಿರುತ್ತದೆ. ಅದಕ್ಕೆ ನೀವು ಸರಿಹೊಂದುತ್ತೀರಿ, ಅಷ್ಟೆ.

ನಾನು ಉಡುಪಿ ಕಡೆಯವನು. ಡಿಪ್ಲೊಮಾ ಮುಗಿಸಿ ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಗೆ ಟೆಕ್ನಿಶಿಯನ್ ಆಗಿ ಬಂದೆ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು, ಭಾನುವಾರ ಕ್ರಿಕೆಟ್. ಬೌಂಡರಿಯಿಂದ ನಾನು ಎಸೆದ ಚೆಂಡು ನೆಲ ಮುಟ್ಟದೆ ಕೀಪರನ ಕೈ ಸೇರುತ್ತಿತ್ತು. ಅದನ್ನು ನೋಡಿದ ನಮ್ಮ ಪ್ಲಾಂಟಿನ ಜಪಾನಿ ಇಂಜಿನಿಯರೊಬ್ಬರು ತಮ್ಮ ಭಾನುವಾರದ ಬೇಸ್‌ಬಾಲ್ ಗುಂಪಿಗೆ ಕರೆದರು. ಎರಡು ವರ್ಷ ಅವರೊಂದಿಗೆ ಆಡಿದ ಮೇಲೆ ತಮ್ಮ ಊರಿನ ಸಣ್ಣದೊಂದು ವೃತ್ತಿಪರ ತಂಡಕ್ಕೆ ನನ್ನ ಬಗ್ಗೆ ಹೇಳಿದರು. ಬಂದು ಕೈ ತೋರಿಸು ಎಂದು ಅಲ್ಲಿಂದ ಕರೆ ಬಂತು.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಬೇಸ್‌ಬಾಲಿನಲ್ಲಿ ಚೆಂಡು ನೆಲಕ್ಕೆ ಬೀಳದೆ ನೇರ ಬರುತ್ತದೆ. ಎಸೆಯುವವನು ಪಿಚರ್. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವವನು ಕ್ಯಾಚರ್. ಕ್ರಿಕೆಟಿನ ಕೀಪರನಂತೆ ಹಿಂದೆ ಸರಿದು ನಿಲ್ಲುವ ಹಾಗಿಲ್ಲ. ಅವನು ಕೂತೇ ಇರಬೇಕು. ಪಿಚರನ ಕಣ್ಣಿಗೆ ಗುರಿ ಎಂದರೆ ಕೂತವನ ಕೈಗವಸು.

ಜಪಾನಿಗೆ ಹೋಗುವ ಮುಂಚೆ ದಿನಾ ಎಸೆದು ಪಳಗಬೇಕಿತ್ತು. ಕೂರುವವರು ಸಿಗಲಿಲ್ಲ. ಕ್ರಿಕೆಟ್ ಗೆಳೆಯರು ಒಬ್ಬೊಬ್ಬರಾಗಿ ಬಂದು, ನಾಲ್ಕು ಚೆಂಡು ಹಿಡಿದು, ಕೈ ಕೊಡವಿಕೊಂಡು ಹೋದರು. ಒಂದು ಸಂಜೆ ನಾನು ಯಾರಿಗೋ ಫೋನಿನಲ್ಲಿ ಗೋಗರೆಯುತ್ತಿದ್ದುದನ್ನು ಉಷಾ ಅಡುಗೆಮನೆಯಿಂದ ಕೇಳಿಸಿಕೊಂಡಳು. ಆಗ ನಮ್ಮ ಮದುವೆಯಾಗಿ ವರ್ಷವೂ ಆಗಿರಲಿಲ್ಲ.

"ರೀ, ಕೂತ್ಕೊಂಡು ಹಿಡಿಯೋದು ತಾನೆ? ನಾನು ಕೂತ್ಕೋತೀನಿ."

"ಅದು ಚಪಾತಿ ಲಟ್ಟಿಸಿದ ಹಾಗಲ್ಲ ಮಾರಾಯ್ತಿ. ಮುಖಕ್ಕೆ ಬಂದ್ರೆ?"

"ಯಾಕೆ ಬರತ್ತೆ? ಗುರಿ ತಪ್ಪಲ್ಲ ಅಂತ ನಮ್ಮಪ್ಪನ ಹತ್ರ ಜಂಬ ಕೊಚ್ಕೊಂಡಿದ್ರಲ್ಲ? ಈಗ ತೋರಿಸಿ."

ನಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಚೆಂಡಾಡುವಂತಿಲ್ಲ. ಹಿಂದಿನ ಹುಲ್ಲಿನ ಬಯಲಿಗೆ ಹೋದೆವು. ಇಂಜಿನಿಯರು ಕೊಟ್ಟ ಹಳೆಯ ಸಾಮಾನು ಅವಳಿಗೆ ದೊಡ್ಡದಾಗಿತ್ತು. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಕವಚ, ಕಾಲಿಗೆ ಪ್ಯಾಡು. ಕವಚ ಕಟ್ಟಿದ ಮೇಲೆ ಬಗ್ಗಿ ಪ್ಯಾಡಿನ ಪಟ್ಟಿ ಹಾಕಿಕೊಳ್ಳಲು ಅವಳಿಗೆ ಆಗಲಿಲ್ಲ. ನಾನು ಮೊಣಕಾಲೂರಿ ಕೂತು ಕಟ್ಟಲು ಹೋದೆ. ಅವಳು ಹಿಂದಕ್ಕೆ ಜಿಗಿದಳು.

"ಅಯ್ಯೋ ಬೇಡ ರೀ! ನೀವು ನನ್ನ ಕಾಲು ಮುಟ್ಟೋದೇನು!"

"ಕಾಲಲ್ಲ, ಪ್ಯಾಡು."

"ಪ್ಯಾಡೊಳಗಿರೋದೇನು, ಕುಂಬಳಕಾಯಾ?"

ಬೈಯುತ್ತಲೇ ಕಾಲು ಕೊಟ್ಟಳು. ಕಟ್ಟಿ ಮುಗಿದ ಕೂಡಲೇ ನನ್ನ ಭುಜ ಮುಟ್ಟಿ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದಳು. ಜಾಲರಿ ಅಡ್ಡ ಬಂತು. ಜಾಲರಿಗೇ ಒತ್ತಿದಳು. ಮುಂದೆ ಪ್ರತಿ ಚಳಿಗಾಲದಲ್ಲೂ, ಪ್ರತಿ ಬೆಳಿಗ್ಗೆಯೂ ಇದೇ ಕ್ರಮ. ನಾನು ಕಟ್ಟುವುದು, ಅವಳು ಬೈಯುವುದು, ಭುಜ ಮುಟ್ಟಿ ಜಾಲರಿಗೆ ಕೈ ಒತ್ತುವುದು. ಆಮೇಲೆ ಒದ್ದೆ ಹುಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು "ಹೂಂ, ಬರ್ಲಿ" ಎನ್ನುವುದು. ಮುಗಿಸಿ, ಸ್ನಾನ ಮಾಡಿ, ಅವಳು ಆಫೀಸಿಗೆ ಓಡುತ್ತಿದ್ದಳು.

ಆ ಬಯಲಲ್ಲಿ ವಾಕಿಂಗ್ ಬರುವ ಚೀನೀ ಅಂಕಲ್ ಒಬ್ಬರಿದ್ದರು. ದಿನಾ ನಿಂತು ನೋಡುವರು. ಒಂದು ದಿನ ನನ್ನ ಹತ್ತಿರ ಬಂದು, "ಬಾಸ್, ಯುವರ್ ವೈಫ್ ವೆರಿ ಸ್ಟೆಡಿ ಲಾ!" ಎಂದರು. ನಾನು ಹಲ್ಲು ಕಿರಿದೆ. "ಯೂ, ಸೋ-ಸೋ ಓನ್ಲಿ," ಎಂದು ಸೇರಿಸಿ ಮುಂದೆ ಹೋದರು. ನನ್ನ ವೃತ್ತಿಯ ಬಗ್ಗೆ ಬಂದ ಸರಿಯಾದ ವಿಮರ್ಶೆ ಅದೊಂದೇ.

ಜಪಾನಿನ ತಂಡ ನನ್ನನ್ನು ಸೇರಿಸಿಕೊಂಡಿತು. ಅವರಿಗೆ ಬೇಕಾಗಿದ್ದದ್ದು ಪತ್ರಿಕೆಗೆ ಕೊಡಲು ಒಂದು ಸುದ್ದಿ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಪೋಸ್ಟರಿನಲ್ಲಿ ನನ್ನ ಹಿಂದೆ ಆನೆಯ ಚಿತ್ರ ಹಾಕಿದ್ದರು. ಪಿಚರ್ ಆಗಿ ನಾನು ಉಳಿದದ್ದು ಎರಡು ವರ್ಷ. ಕೆಟ್ಟದಾಗೇನೂ ಎಸೆಯುತ್ತಿರಲಿಲ್ಲ. ಹೊರಬಿದ್ದ ಕಾರಣ ಬೇರೆ.

ಎರಡನೆಯ ವರ್ಷದ ಕೊನೆಯ ಪಂದ್ಯಗಳಲ್ಲೊಂದು. ಎರಡೂ ತಂಡಗಳು ಸಮ ಇದ್ದವು. ಎದುರಾಳಿಯ ಓಟಗಾರನೊಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದ. ಅಲ್ಲಿಂದ ಓಡಿ ಕ್ಯಾಚರನ ಮುಂದಿರುವ ಹೋಮ್ ಪ್ಲೇಟ್ ಮುಟ್ಟಿದರೆ ಅವನಿಗೆ ಓಟ, ನಾವು ಸೋತೆವು. ನಾನು ಎಸೆದೆ. ಬ್ಯಾಟ್ಸ್‌ಮನ್ ಮೆಲ್ಲಗೆ ತಟ್ಟಿದ. ಚೆಂಡು ಉರುಳುತ್ತ ನೇರ ನನ್ನ ಕಡೆಗೇ ಬಂತು. ಎತ್ತಿ ಕ್ಯಾಚರನಿಗೆ ಎಸೆದರೆ ಓಟಗಾರ ಔಟ್, ಮಗು ಕೂಡ ಮಾಡುವ ಕೆಲಸ. ನಾನು ಬಗ್ಗುವಷ್ಟರಲ್ಲಿ ಚೆಂಡು ನನ್ನ ಬೂಟಿಗೆ ತಾಗಿ ನಿಂತಿತು. ಎತ್ತಿಕೊಂಡೆ. ಎಸೆಯಬೇಕಾದ ಕೈ ಕಣ್ಣಿಗೆ ಹೋಯಿತು.

ಪುಸ್ತಕಕ್ಕೆ ಕಾಲು ತಾಗಿದರೆ, ಅಕ್ಕಿಯ ಮೊರಕ್ಕೆ ತಾಗಿದರೆ, ಬಸ್ಸಿನಲ್ಲಿ ಪಕ್ಕದವರಿಗೆ ತಾಗಿದರೆ ನಮ್ಮ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ನಾನು ಯೋಚಿಸಿ ಮಾಡಿದ್ದಲ್ಲ. ಬಲಗಣ್ಣು, ಎಡಗಣ್ಣು. ಚೆಂಡನ್ನು ಇಳಿಸಿ ನೋಡಿದಾಗ ಓಟಗಾರ ಜಾರಿಬಂದು ಹೋಮ್ ಪ್ಲೇಟಿನ ಮೇಲೆ ಮಲಗಿದ್ದ. ಅವನ ತಂಡ ಅವನ ಮೇಲೆ ಬಿದ್ದು ಕುಣಿಯುತ್ತಿತ್ತು.

ತಂಡದ ಮುಖ್ಯಸ್ಥರು ದುಭಾಷಿಯ ಮೂಲಕ ಕೇಳಿದರು: "ಕಣ್ಣಿಗೆ ಧೂಳು ಬಿತ್ತೆ?"

ದುಭಾಷಿ ಒಳ್ಳೆಯ ಹುಡುಗಿ. "ಹೌದು ಅಂದುಬಿಡಿ," ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು. ನಾನು ನಿಜ ಹೇಳಿದೆ. ಇದು ನನಗೆ ಅನ್ನ ಕೊಡುವ ಚೆಂಡು, ಇದಕ್ಕೆ ಕಾಲು ತಾಗಿತು, ಅದಕ್ಕೆ ಹಾಗೆ ಮಾಡಿದೆ ಎಂದೆ. ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು. ಮರುದಿನ ನನ್ನ ಹೆಸರು ಆಡುವವರಲ್ಲಿ ಇರಲಿಲ್ಲ. ಆಮೇಲೆ ಎಂದೂ ಇರಲಿಲ್ಲ. ಆ ಊರಿನ ಮಕ್ಕಳು ನನ್ನನ್ನು ದಾರಿಯಲ್ಲಿ ಕಂಡರೆ ಕಲ್ಲು ಎತ್ತಿ ಕಣ್ಣಿಗೆ ಮುಟ್ಟಿಸಿಕೊಂಡು ನಗುತ್ತಿದ್ದರು.

ಫೋನಿನಲ್ಲಿ ಉಷಾ ನಗಲಿಲ್ಲ. "ಕಾಲು ತಾಗಿದ್ಮೇಲೆ ಇನ್ನೇನು ಮಾಡ್ಬೇಕಿತ್ತಂತೆ ಅವರಿಗೆ?" ಎಂದಳು. ಅವಳಿಗೆ ಅದು ನಿಜವಾಗಿಯೂ ಅರ್ಥವಾಗಿರಲಿಲ್ಲ.

ತಂಡ ನನ್ನನ್ನು ಪೂರ್ತಿ ಬಿಡಲಿಲ್ಲ. ಬೇರೆ ಕೆಲಸ ಕೊಟ್ಟರು. ಅಲ್ಲಿ ಪಂದ್ಯಕ್ಕೆ ಮುಂಚೆ ಬ್ಯಾಟ್ಸ್‌ಮನ್‌ಗಳ ಅಭ್ಯಾಸಕ್ಕೆ ಚೆಂಡು ಎಸೆಯಲೆಂದೇ ಸಂಬಳದ ಜನ ಇರುತ್ತಾರೆ. ನನ್ನ ವೃತ್ತಿ ಎಂದರೆ ಹೆಚ್ಚಿನದು ಇದೇ. ಎದುರಿಗೊಂದು ಬಲೆ, ಪಕ್ಕದಲ್ಲಿ ಬುಟ್ಟಿ ತುಂಬ ಚೆಂಡು. ಬ್ಯಾಟ್ಸ್‌ಮನ್ ಎಲ್ಲಿ ಕೇಳಿದರೆ ಅಲ್ಲಿಗೆ, ಒಂದೇ ವೇಗದಲ್ಲಿ, ಒಂದೇ ಎತ್ತರಕ್ಕೆ ಎಸೆಯುತ್ತಿರಬೇಕು. ಅವನು ಹೊಡೆದದ್ದು ಗುಂಡಿನಂತೆ ನಮ್ಮ ಬಲೆಗೆ ಬಂದು ಬಡಿಯುತ್ತದೆ. ಮುಗಿದ ಮೇಲೆ ಚೆಂಡು ಹೆಕ್ಕಿ, ಬಲೆ ಹೊತ್ತು, ಒಳಗೆ ಹೋಗಬೇಕು. ಪಂದ್ಯ ಶುರುವಾದಾಗ ನಾವು ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ಟಿವಿ ನೋಡುತ್ತಿದ್ದೆವು.

ಮೊದಲ ವಾರವೇ ಎಡವಟ್ಟು ಮಾಡಿಕೊಂಡೆ. ತಂಡದ ದೊಡ್ಡ ಬ್ಯಾಟ್ಸ್‌ಮನ್ ಎದುರಿಗಿದ್ದ. ಕೈಯೊಳಗಿನ ಬೌಲರ್ ಸುಮ್ಮನಿರಲಿಲ್ಲ. ನಡುವೆ ಒಂದು ನಿಧಾನದ ಚೆಂಡು ಬಿಟ್ಟೆ. ಅವನು ಬೀಸಿದ, ತಪ್ಪಿತು. ನಾನು ಎರಡೂ ಕೈ ಮೇಲೆತ್ತಿ "ಹೌಜ್ಯಾಟ್!" ಎಂದು ಕೂಗಿಬಿಟ್ಟೆ. ಮೈದಾನದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬ್ಯಾಟಿಂಗ್ ಕೋಚ್ ಮೊರಿಟಾ ನನ್ನ ಹತ್ತಿರ ನಡೆದು ಬಂದರು. ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ಜಪಾನಿ ಭಾಷೆ ತಿಳಿಯುತ್ತಿತ್ತು.

"ನೀನು ಯಾರನ್ನು ಸೋಲಿಸಿದೆ?" ಎಂದು ಕೇಳಿದರು.

ನಾನು ಎತ್ತಿದ ಕೈಗಳನ್ನು ಇಳಿಸಿದೆ.

"ಇಲ್ಲಿ ಗೆಲ್ಲಲು ನಿನಗೆ ಸಂಬಳ ಇಲ್ಲ. ಹೊಡೆಸಿಕೊಳ್ಳಲು ಇದೆ. ಚೆನ್ನಾಗಿ ಹೊಡೆಸಿಕೋ."

ಆ ದಿನ ಮೈದಾನದ ಎಲ್ಲ ಚೆಂಡನ್ನೂ ನಾನೊಬ್ಬನೇ ಹೆಕ್ಕಿದೆ. ಆಮೇಲೆ ಚೆನ್ನಾಗಿ ಹೊಡೆಸಿಕೊಳ್ಳುವುದನ್ನು ಕಲಿತೆ. ಗೆಲ್ಲುವ ಆಸೆಯನ್ನು ಕೈಯಿಂದ ತೆಗೆದುಹಾಕುವುದು ಎಷ್ಟು ಕಷ್ಟ ಎಂದು ಅದನ್ನು ಮಾಡಿದವರಿಗೇ ಗೊತ್ತು. ಅದಕ್ಕೆ ಯಾವ ಪದಕವೂ ಇಲ್ಲ.

ಕೆಲವು ವರ್ಷ ಕಳೆದ ಮೇಲೆ ಅದೇ ದೊಡ್ಡ ಬ್ಯಾಟ್ಸ್‌ಮನ್‌ನ ಮಣಿಕಟ್ಟಿಗೆ ನನ್ನ ಚೆಂಡು ಬಡಿಯಿತು. ಮೂಳೆ ಮುರಿಯಲಿಲ್ಲ. ಅವನು ಬೈಯಲೂ ಇಲ್ಲ. ಮರುದಿನ ಬೇರೆಯವರು ಎಸೆಯಲಿ ಎಂದ, ಅಷ್ಟೆ. ಅಂದಿನಿಂದ ನನ್ನ ಕೈ ನನ್ನದಾಗಿ ಉಳಿಯಲಿಲ್ಲ. ಎಸೆದರೆ ಚೆಂಡು ಕಾಲ ಬುಡದಲ್ಲಿ ಬೀಳುತ್ತಿತ್ತು, ಇಲ್ಲವೇ ಎಲ್ಲರ ತಲೆಯ ಮೇಲಿಂದ ಹಾರುತ್ತಿತ್ತು. ಈ ರೋಗ ಎಸೆಯುವವರಿಗೆ ಬರುವುದುಂಟು. ಅಲ್ಲಿ ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಿಮ್ಮ ಪಕ್ಕ ಊಟಕ್ಕೆ ಕೂರುವುದನ್ನು ಬಿಡುತ್ತಾರೆ. ವಸಂತದ ಹೊತ್ತಿಗೆ ಸರಿಯಾಗದಿದ್ದರೆ ಬರಬೇಡ ಎಂದು ಹೇಳಿ ನನ್ನನ್ನು ಮನೆಗೆ ಕಳಿಸಿದರು.

ಟ್ಯಾಂಪಿನೀಸಿನ ಬಯಲಲ್ಲಿ ಮೊದಲ ದಿನದ ಚೆಂಡೆಲ್ಲ ಚರಂಡಿಗೆ ಹೋಯಿತು. ಎರಡನೆಯ ದಿನ ಒಂದು ಅವಳ ಎದೆಯ ಕವಚಕ್ಕೆ, ಇನ್ನೊಂದು ಮೊಣಕಾಲಿಗೆ. ಅವಳು ಕವಚ ಒರೆಸಿಕೊಂಡು ಮತ್ತೆ ಕೂತಳು. ಮೂರನೆಯ ದಿನ ಕೂತವಳು ಕೈಗವಸು ತೋರಿಸುವ ಮೊದಲೇ ಮಾತು ಶುರು ಮಾಡಿದಳು.

"ರೀ, ನಿನ್ನೆ ಆಫೀಸಲ್ಲಿ ಏನಾಯ್ತು ಗೊತ್ತಾ? ಮದುವೆ ಹೋಟ್ಲಿಗೆ ಹೋಗ್ಬೇಕಾಗಿದ್ದ ಆರ್ಕಿಡ್ ಹೂವಿನ ಪೆಟ್ಟಿಗೆ ಇತ್ತಲ್ಲ..."

"ಈಗ ಎಂತ ಆಫೀಸಿನ ಕತೆ?"

"ಎಸೀರಿ, ಹೇಳ್ತೀನಿ."

ಎಸೆದೆ. ಪಕ್ಕಕ್ಕೆ ಹೋಯಿತು. ಎದ್ದು ಹೋಗಿ ತಂದು ಮತ್ತೆ ಕೂತಳು.

"ಆ ಪೆಟ್ಟಿಗೆ ಬದಲು ಇನ್ನೊಂದು ಪೆಟ್ಟಿಗೆ ಹೋಗಿದೆ. ಹೋಟ್ಲಲ್ಲಿ ಮದುಮಗಳು ನಿಂತಿದಾಳೆ, ಫೋಟೋದವನು ನಿಂತಿದಾನೆ, ಪೆಟ್ಟಿಗೆ ಓಪನ್ ಮಾಡ್ತಾರೆ..."

"ಮತ್ತೆ?"

"ಎಸೀರಿ."

ಎಸೆದೆ. ಟಪ್ ಎಂದು ನೇರ ಅವಳ ಕೈಗವಸಿಗೆ ಹೋಗಿ ಕೂತಿತು. ಅವಳು ಅದನ್ನು ಗಮನಿಸಿದಂತೆಯೇ ತೋರಿಸಲಿಲ್ಲ. ಚೆಂಡು ಹಿಂದಕ್ಕೆ ಎಸೆದು, "ಒಣಮೀನು!" ಎಂದಳು. "ಪೆಟ್ಟಿಗೆ ತುಂಬ ಒಣಮೀನು ರೀ! ನಿಮ್ಮೂರ ಕಡೆ ಮದುವೆ ಆಗಿದ್ರೆ ಅದನ್ನೇ ಹಾರ ಮಾಡಿ ಹಾಕ್ತಿದ್ರೇನೋ!"

ಇಬ್ಬರೂ ನಗುತ್ತ ಬೆಳಿಗ್ಗೆ ಪೂರ್ತಿ ಎಸೆದೆವು. ಅಂದಿನಿಂದ ಅವಳು ದಿನಕ್ಕೊಂದು ಕತೆ ತಂದಳು. ಎಸೆಯುವವರೆಗೆ ಮುಂದಿನದನ್ನು ಹೇಳುತ್ತಿರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ರೋಗ ಹೋಗಿತ್ತು. ಜಪಾನಿಗೆ ಹಿಂದಿರುಗಿದ ಮೇಲೂ ನಾನು ಪ್ರತಿ ಚೆಂಡಿಗೂ ಮುಂಚೆ ಬಾಯೊಳಗೆ "ಮತ್ತೆ?" ಎಂದುಕೊಂಡೇ ಎಸೆಯುತ್ತಿದ್ದೆ.

ಮೊರಿಟಾ ಅದನ್ನು ಗಮನಿಸಿದರು. ಹೇಗೆ ಸರಿಯಾಯಿತು ಎಂದು ಕೇಳಿದರು. ನನ್ನ ಹೆಂಡತಿ ಎದುರಿಗೆ ಕೂತು ಕತೆ ಹೇಳಿ ಸರಿ ಮಾಡಿದಳು ಎಂದೆ. ಜೋರಾಗಿ ನಕ್ಕರು. ಮುಂದಿನ ವರ್ಷ ಕೈ ಕೆಟ್ಟ ಹುಡುಗನೊಬ್ಬನ ಎದುರಿಗೆ ಕ್ಯಾಚರನನ್ನು ಕೂರಿಸಿ ಮಾತಾಡಿಸುತ್ತಿದ್ದರು. ಬೇರೆ ತಂಡದವರೂ ನೋಡಿ ಕಲಿತರು. ಮೊರಿಟಾ ಪದ್ಧತಿ ಎಂದು ಅದಕ್ಕೆ ಹೆಸರೂ ಬಂತು. ಉಷಾಗೆ ಹೇಳಿದಾಗ, "ಒಣಮೀನು ಪದ್ಧತಿ ಅನ್ನಿ," ಎಂದಳು. ಅವಳಿಗೆ ಸಿಟ್ಟು ಬರಲಿಲ್ಲ. ನನಗೆ ಬಂತು, ಇನ್ನೂ ಇದೆ.

ಕೊನೆಗೆ ನನ್ನ ಕೆಲಸಕ್ಕೆ ಯಂತ್ರ ಬಂತು. ಯಾವ ಪಿಚರನ ಚೆಂಡು ಬೇಕೋ ಅದನ್ನೇ ಎಸೆಯುವ ಯಂತ್ರ. ಅದಕ್ಕೆ ಭುಜ ನೋಯುವುದಿಲ್ಲ. ನನ್ನನ್ನು ತೆಗೆದ ಸುದ್ದಿಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಆಫೀಸಿನ ಹುಡುಗನೊಬ್ಬ ಹೇಳಿದ. ಅವನ ಕೈಯಲ್ಲಿ ಮೊಸರಿನ ಬಟ್ಟಲಿತ್ತು. ಹೇಳಿ ಮುಗಿಸಿ ತಿನ್ನಲು ಹೋದ.

ಸಿಂಗಾಪುರಕ್ಕೆ ಬಂದು ನಮ್ಮ ಕ್ಲಬ್ಬಿನ ಮಕ್ಕಳಿಗೆ ಎಸೆಯತೊಡಗಿದೆ. ಭುಜ ಪೂರ್ತಿ ಹೋಗುವವರೆಗೆ ಎಸೆದೆ. ಈಗ ಅಪ್ಪಂದಿರು ಬೇಲಿಯ ಹೊರಗೆ ಫೋನ್ ಹಿಡಿದು ನಿಲ್ಲುತ್ತಾರೆ. ಚೆಂಡು ಎಷ್ಟು ವೇಗ, ಎಷ್ಟು ಸುತ್ತು ತಿರುಗಿತು ಎಂದು ಫೋನೇ ಹೇಳುತ್ತದೆ. ಮಗುವಿಗೆ ಭಯ ಆಗಿದೆಯೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ನವೀನನ ಮಗಳು ಒಮ್ಮೆ, "ಅಂಕಲ್, ಯುವರ್ ಥ್ರೋ ಸೋ ಬೋರಿಂಗ್ ಲಾ, ಎವೆರಿ ಟೈಮ್ ಸೇಮ್!" ಎಂದಳು. ಆ ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಿದೆ. ಉಷಾ ಎದ್ದು ನನ್ನ ಕೈ ಕುಲುಕಿದಳು.

ಅವಳ ಎಡಗೈಯ ಉಂಗುರದ ಬೆರಳು ಸೊಟ್ಟಗಿತ್ತು. ರೋಗ ಇದ್ದ ಚಳಿಗಾಲದಲ್ಲಿ ನನ್ನ ಚೆಂಡೊಂದು ಕೈಗವಸಿನ ಅಂಚಿಗೆ ಬಡಿದು ಗೆಣ್ಣು ಊದಿದ್ದು ಮತ್ತೆ ಇಳಿಯಲಿಲ್ಲ. ಕಾಯಿಲೆ ಬಿದ್ದ ಮೇಲೆ ಸ್ಕ್ಯಾನ್ ಕೋಣೆಗೆ ಹೋಗುವ ಮೊದಲು ಉಂಗುರ ತೆಗೆಯಲು ಹೇಳಿದರು. ಗೆಣ್ಣು ದಾಟಿ ಬರಲಿಲ್ಲ. ಕತ್ತರಿಸಬೇಕಾಯಿತು. ಕತ್ತರಿಸುತ್ತಿದ್ದ ನರ್ಸ್ ಬೆರಳು ನೋಡಿ ಕೇಳಿದಳು.

"ಆಂಟಿ, ವಾಟ್ ಹ್ಯಾಪನ್ಡ್?"

"ಬೇಸ್‌ಬಾಲ್," ಎಂದಳು ಉಷಾ.

"ವಾ! ಯೂ ಪ್ಲೇ ಫಾರ್ ಫನ್, ಆಹ್?"

"ನೋ, ನೋ. ಪ್ರೊಫೆಷನಲ್."

ಹೇಳಿ 'ಸುಮ್ನಿರಿ' ಎನ್ನುವಂತೆ ನನ್ನ ಕಡೆ ನೋಡಿದಳು. ಅವಳು ಹೇಳಿದ್ದು ತಮಾಷೆಗೆ. ಆಮೇಲೆ ಯೋಚಿಸಿದಾಗ ಅದರಲ್ಲಿ ಒಂದಕ್ಷರವೂ ಸುಳ್ಳು ಕಾಣಲಿಲ್ಲ.

ಕೊನೆಯ ವಾರಗಳಲ್ಲಿ ಆಸ್ಪತ್ರೆಯ ಎಸಿಗೆ ಅವಳ ಪಾದ ತಣ್ಣಗಾಗುತ್ತಿತ್ತು. ನಾನು ಸಾಕ್ಸ್ ಹಾಕಲು ಹೋದರೆ ಕಾಲನ್ನು ಎಳೆದುಕೊಳ್ಳಲು ನೋಡುವಳು, ಆಗುತ್ತಿರಲಿಲ್ಲ. "ಕಾಲಲ್ಲ, ಪ್ಯಾಡು," ಎಂದೆ ಒಂದು ದಿನ. ನಕ್ಕಳು. ಹಾಕಿ ಮುಗಿಸಿದ ಮೇಲೆ ನನ್ನ ಭುಜದವರೆಗೆ ಬರಲು ಕೈಗೆ ಶಕ್ತಿ ಇರಲಿಲ್ಲ. ಹೊದಿಕೆಯ ಮೇಲೆ ಬೆರಳುಗಳು ಸ್ವಲ್ಪ ಎದ್ದು, ಹಾಗೇ ಇಳಿದವು.

ಇಲ್ಲಿಯವರೆಗೆ ಶನಿವಾರ ಬರೆದದ್ದು. ಮುಂದಿನದನ್ನು ಭಾನುವಾರ ಸಂಜೆ ಬರೆಯುತ್ತಿದ್ದೇನೆ.

ಹೊಸ ಮೈದಾನಕ್ಕೆ ಅವಳ ಕೈಗವಸನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಬಲೂನು, ಬ್ಯಾನರು, ಸಾಲಾಗಿ ನಿಂತ ಮಕ್ಕಳು, ಕುರ್ಚಿಗಳಲ್ಲಿ ದೊಡ್ಡವರು. ನವೀನ್ ಬೆವರುತ್ತ ಓಡಾಡುತ್ತಿದ್ದ. ನನ್ನನ್ನು ಕಂಡು ಹೆಬ್ಬೆರಳೆತ್ತಿದ.

ಮೈಕ್ ಹಿಡಿದ ಹುಡುಗಿ ನನ್ನ ಬಗ್ಗೆ ಓದಿದಳು. ಜಪಾನಿನಲ್ಲಿ ಆಡಿದ್ದು ಬಂತು. ಕ್ಲಬ್ಬಿಗೆ ದುಡಿದದ್ದು ಬಂತು. ಕೊನೆಗೆ, ಇವರಿಗೆ ಯಾವಾಗಲೂ ಬೆಂಬಲವಾಗಿ ನಿಂತ ಕುಟುಂಬಕ್ಕೆ ಧನ್ಯವಾದ ಎಂಬ ಮಾತು ಇಂಗ್ಲಿಷಿನಲ್ಲಿ ಬಂತು. ಹುಡುಗಿ ಹಾಳೆ ಮಡಚಿದಳು. ನಾನು ನವೀನನನ್ನು ನೋಡಿದೆ. ಅವನು ಕೈಗಡಿಯಾರ ತೋರಿಸಿ ಭುಜ ಹಾರಿಸಿದ.

ಚಪ್ಪಾಳೆಯ ನಡುವೆ ಪಿಚರ್ ನಿಲ್ಲುವ ದಿಬ್ಬಕ್ಕೆ ಹೋಗಿ ನಿಂತೆ. ಎದುರಿಗೆ, ಹೋಮ್ ಪ್ಲೇಟಿನ ಹಿಂದೆ, ಡೈರೆಕ್ಟರ್ ನಿಂತಿದ್ದರು. ನನಗಿಂತ ವಯಸ್ಸಾದವರು. ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿ ಬೂಟು, ಹೊಚ್ಚ ಹೊಸ ಕೈಗವಸು. ಅದನ್ನು ಎದೆಯ ಹತ್ತಿರ ಹಿಡಿದು ಕ್ಯಾಮೆರಾ ಕಡೆ ನೋಡುತ್ತಿದ್ದರು.

"ಸರ್, ಪ್ಲೀಸ್ ಸಿಟ್," ಎಂದೆ.

"ಹಾಂ?"

ಕೈಯಿಂದ ತೋರಿಸಿದೆ, ಕುಕ್ಕರಗಾಲಿನಲ್ಲಿ ಕೂರಬೇಕು ಎಂದು.

ಅವರು ನಕ್ಕರು. "ನೋ ನೋ, ಮೈ ನೀಸ್ ಕೆನಾಟ್ ಲಾ! ಜಸ್ಟ್ ಥ್ರೋ ಸ್ಲೋಲಿ, ಅಂಕಲ್!"

ಸುತ್ತ ಇದ್ದವರೂ ನಕ್ಕರು. ಒಳ್ಳೆಯ ಮನುಷ್ಯರೇ ಇರಬೇಕು. ಅವರ ಎದೆಯ ಹತ್ತಿರದ ಆ ಕೈಗವಸಿಗೆ ಕಣ್ಣು ಮುಚ್ಚಿ ಎಸೆಯಬಲ್ಲೆ. ಈ ಹಾಳಾದ ಭುಜಕ್ಕೂ ಅಷ್ಟು ಶಕ್ತಿ ಇದೆ. ಕೇಳಿದವರಿಗೆ ಕೇಳಿದ ಕಡೆಗೆ ಎಸೆದುಕೊಟ್ಟೇ ಬದುಕಿದವನು ನಾನು. ಕೈ ಎತ್ತಿದೆ. "ಮತ್ತೆ?" ಎಂದುಕೊಂಡೆ, ರೂಢಿಯಿಂದ. ಆ ಕಡೆಯಿಂದ ಹೇಳುವವರು ಇರಲಿಲ್ಲ.

ಕೈ ಇಳಿಸಿದೆ. ದಿಬ್ಬದಿಂದ ಇಳಿದು ಅಷ್ಟು ದೂರವೂ ನಡೆದುಹೋಗಿ ಚೆಂಡನ್ನು ಅವರ ಕೈಗವಸಿನೊಳಗೆ ಇಟ್ಟೆ. ಅವರು "ಥ್ಯಾಂಕ್ ಯೂ, ಥ್ಯಾಂಕ್ ಯೂ" ಎಂದರು. ಕ್ಯಾಮೆರಾ ಮಿಂಚಿತು. ಚಪ್ಪಾಳೆ ಸ್ವಲ್ಪ ತಡವಾಗಿ ಬಂತು. ಇದೂ ಕಾರ್ಯಕ್ರಮದಲ್ಲಿ ಇದ್ದದ್ದೇ ಇರಬೇಕು ಎಂದುಕೊಂಡರೋ ಏನೋ.

ಗೇಟಿನ ಹತ್ತಿರ ನವೀನ್ ಓಡಿ ಬಂದ. "ಅಂಕಲ್, ಏನಾಯ್ತು? ಶೋಲ್ಡರ್ ಪೇಯ್ನಾ?"

"ಇಲ್ಲ. ಕ್ಯಾಚರ್ ಇಲ್ಲ."

ಅವನಿಗೆ ಮುಖ ಎತ್ತಲಾಗಲಿಲ್ಲ. "ಸಾರಿ ಅಂಕಲ್. ನಾನು ಹಾಕಿಸಿದ್ದೆ, ಪ್ರಾಮಿಸ್. ಟೈಮ್ ಇಲ್ಲ ಅಂತ ಲಾಸ್ಟ್ ಮಿನಿಟಲ್ಲಿ ಸ್ಕ್ರಿಪ್ಟ್ ಕಟ್ ಮಾಡಿದ್ರು. ಒಂದು ಲೈನ್ ತಾನೆ ಅಂತ..."

"ಹೌದು ಮಾರಾಯ," ಎಂದೆ. "ಒಂದೇ ಲೈನು."

ಬಸ್ಸಿನಲ್ಲಿ ಕೂತಾಗ ಕ್ಲಬ್ಬಿನ ಗುಂಪಿಗೆ ಫೋಟೋ ಬಂದಿತ್ತು. ನಾನು ಡೈರೆಕ್ಟರ್ ಕೈಗೆ ಚೆಂಡು ಕೊಡುತ್ತಿದ್ದೇನೆ. ಹಿರಿಯರು ಮುಂದಿನ ಪೀಳಿಗೆಗೆ ಆಟವನ್ನು ಒಪ್ಪಿಸಿದ ಕ್ಷಣ ಎಂದು ಕೆಳಗೆ ಬರೆದಿದ್ದರು. ಉಷಾ ಇದ್ದಿದ್ದರೆ ಇದಕ್ಕೆ ಒಂದು ವಾರ ನಗುತ್ತಿದ್ದಳು.

ಈ ಬರಹವನ್ನು ನವೀನನಿಗೆ ಕಳಿಸುತ್ತೇನೆ. ಹಾಕುವುದಾದರೆ ಪೂರ್ತಿ ಹಾಕಲಿ. ಹೊಸದಾಗಿ ಬರುವ ಮಕ್ಕಳಿಗೆ ನನ್ನಲ್ಲಿ ಹುರುಪಿನ ಮಾತುಗಳಿಲ್ಲ. ಹುರುಪು ನಿಮ್ಮಲ್ಲೇ ಇದೆ, ಅದನ್ನು ಬಳಸಿಕೊಳ್ಳುವವರೂ ಕಾದಿದ್ದಾರೆ. ಎಸೆಯುವ ಕೈಯನ್ನು ಎಲ್ಲರೂ ನೋಡುತ್ತಾರೆ, ಅದು ಕೆಟ್ಟ ದಿನ ನೋಡುವುದನ್ನು ನಿಲ್ಲಿಸುತ್ತಾರೆ. ನಿಮ್ಮ ಎದುರಿಗೆ ಕೂತು ಹಿಡಿಯುವವರು ಯಾರು ಎಂದು ನೋಡಿಕೊಳ್ಳಿ. ಅವರ ಹೆಸರನ್ನು ಹೇಳಲು ಮೈಕಿಗಾಗಿ ಕಾಯಬೇಡಿ. ನನ್ನ ಕ್ಯಾಚರ್ ಹೆಸರು ಉಷಾ.

ಮನೆಗೆ ಬಂದು ಬಾಗಿಲ ಹೊರಗೆ ಬೂಟು ಬಿಚ್ಚಿದೆ. ಚಪ್ಪಲಿ ಇಡುವ ಸ್ಟ್ಯಾಂಡಿನ ಕೆಳಗೆ ಅವಳ ಪ್ಯಾಡುಗಳಿವೆ, ಒಂದು ವರ್ಷದಿಂದ ಅಲ್ಲೇ. ಬೂಟನ್ನು ಒಳಗೆ ತಳ್ಳುವಾಗ ಕಾಲು ಒಂದು ಪ್ಯಾಡಿಗೆ ತಾಗಿತು. ಕಾರಿಡಾರಿನಲ್ಲೇ ಮೊಣಕಾಲೂರಿ ಕೂತು ಅದನ್ನು ಮುಟ್ಟಿ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡೆ. ಬಲಗಣ್ಣು, ಎಡಗಣ್ಣು. ಈ ಸಲ ಯಾರೂ ಓಡುತ್ತಿರಲಿಲ್ಲ. ಬೇಕಾದಷ್ಟು ಹೊತ್ತು ಹಾಗೇ ಕೂತಿದ್ದೆ.